ಸರ್ವರ್ ಸ್ಥಳಾಂತರ ಸಮಿತಿಯ ನಾಲ್ಕನೆಯ ವರ್ಷ

ಅವಳಿನಗರ ನೂಲುಗಾರರ ಸಂಘದ ಜಾಲತಾಣವನ್ನು ಹಳೆಯ ಸರ್ವರಿನಲ್ಲೇ ಇಡಬೇಕೋ, ಹೊಸದಕ್ಕೆ ಸಾಗಿಸಬೇಕೋ ಎಂಬುದನ್ನು ಹದಿನೈದು ದಿನಗಳೊಳಗೆ ನಿರ್ಧರಿಸಲು ನೇಮಿಸಿದ ಸಮಿತಿಗೆ ಇದು ನಾಲ್ಕನೆಯ ವರ್ಷ. ಅದರ ಸಂಚಾಲಕನಾದ ನಾನು ಈ ವರದಿಯನ್ನು ಸವಿನಯವಾಗಿ ಮಂಡಿಸುತ್ತಿದ್ದೇನೆ.

ಹಳೆಯ ಸರ್ವರ್ ಎಂದರೆ ವಿದ್ಯಾನಗರದ ನಮ್ಮ ಕಚೇರಿಯ ಮೆಟ್ಟಿಲ ಕೆಳಗಿರುವ ಕಂಪ್ಯೂಟರ್. ಜಾಲತಾಣವನ್ನು ಒಬ್ಬರು ತೆರೆದರೆ ನಡೆಯುತ್ತದೆ, ಇಬ್ಬರು ತೆರೆದರೆ ತೆವಳುತ್ತದೆ, ಮೂರನೆಯವರು ಬಂದರೆ ನಿಂತೇಬಿಡುತ್ತದೆ. ಅದನ್ನು ಎಬ್ಬಿಸುವ ಪಾಸ್‌ವರ್ಡ್ ಗೊತ್ತಿರುವುದು ನನಗೊಬ್ಬನಿಗೇ. ಅದು ನಿಂತಾಗಲೆಲ್ಲ ಸಂಘದ ಅಧ್ಯಕ್ಷ ಕುಬೇರಪ್ಪನವರು ಧಾರವಾಡದ ನನ್ನ ಮನೆಗೆ ಕಾರು ಕಳಿಸುತ್ತಾರೆ. ನಾನು ಬಂದು, ಹುಬ್ಬು ಗಂಟಿಕ್ಕಿ, ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತೇನೆ. ಬಳಿಕ ಗಿರ್ಮಿಟ್ಟು, ಮಿರ್ಚಿ, ಚಹಾ. ಮನೆಯಲ್ಲಿ ನನಗೆ ಇಷ್ಟು ಮರ್ಯಾದೆ ಇಲ್ಲ.

ಕಮರಿಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಫಾರೂಕ ಹೊಸ ಸರ್ವರೊಂದನ್ನು ಪರೀಕ್ಷೆಗೆಂದು ತಂದುಕೊಟ್ಟ. ಸಾವಿರ ಜನ ಒಮ್ಮೆಲೇ ತೆರೆದರೂ ಅದು ನಿಲ್ಲಲಿಲ್ಲ. ಆ ವಾರವಿಡೀ ನನಗೆ ಕಾರು ಬರಲಿಲ್ಲ. ಅದರಲ್ಲಿ ಏನೋ ದೋಷವಿದೆ ಎಂದು ಆಗಲೇ ನನಗೆ ಖಾತ್ರಿಯಾಯಿತು.

ಮೂವತ್ತೊಂದನೆಯ ಸಭೆಯಲ್ಲಿ ನನ್ನ ಆಕ್ಷೇಪ ಓದಿದೆ. ಜಾಲತಾಣದಲ್ಲಿ ಅರ್ಜಿ ಹಾಕಿದ ಕೂಡಲೇ ನೂಲುಗಾರರ ಪ್ರಮಾಣಪತ್ರ ಬಂದುಬಿಟ್ಟರೆ ಪರಿಶೀಲನೆ ನಡೆದಿದೆ ಎಂಬುದಕ್ಕೆ ಪುರಾವೆ ಏನು? ಕುಬೇರಪ್ಪನವರು ಬಹಳ ಹೊತ್ತು ತಲೆದೂಗಿದರು. ಫಾರೂಕ ಮಾತ್ರ ಒಂದು ಮಾತು ಕೇಳಿದ.

“ಗಾಡಿ ಛಲೋ ಓಡಾಕತ್ತೈತಿ ಅಂತ ಯಾರರ ಗ್ಯಾರೇಜಿಗೆ ಬಿಡ್ತಾರೇನ್ರಿ ಸರ?”

ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಯಿತು.

ಆದರೆ ಹೊಸ ಸರ್ವರನ್ನು ಹಿಂದಿರುಗಿಸುವಂತೆಯೂ ಇರಲಿಲ್ಲ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಾಗಿತ್ತು. ಪೂಜೆಯಾದದ್ದನ್ನು ಹೊರಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಹೀಗಾಗಿ ಸರ್ವಾನುಮತದಿಂದ ಪ್ರಕಟಣೆ ಹೊರಟಿತು: ‘ಹಳೆಯ ಸರ್ವರಿನಲ್ಲಿರುವ ಜಾಲತಾಣ ತೆರೆಯಬಯಸುವವರು ಮೊದಲು ಹೊಸ ಸರ್ವರಿನಲ್ಲಿ ಪಾಳಿ ಪಡೆಯತಕ್ಕದ್ದು. ದಿನಕ್ಕೆ ಎರಡೇ ಪಾಳಿ. ಪಾಳಿ ಬಾರದೆ ಜಾಲತಾಣ ತೆರೆದವರು ತೆರೆದೇ ಇಲ್ಲವೆಂದು ಭಾವಿಸಲಾಗುವುದು.’ ಕೊನೆಯ ವಾಕ್ಯ ನನ್ನದು. ಇದರ ಮೇಲ್ವಿಚಾರಣೆಗೆಂದು ಕಚೇರಿಯಲ್ಲಿ ನನಗೊಂದು ಮೇಜೂ ದೊರೆಯಿತು.

ಗರಗದ ಸತ್ಯವ್ವ ಐವತ್ತು ವರ್ಷ ರಾಟಿ ತಿರುಗಿಸಿದವರು. ಎರಡೂ ಕಣ್ಣಿಗೆ ಪೊರೆ ಬಂದು ಈಗ ನೂಲು ಕಾಣುತ್ತಿರಲಿಲ್ಲ. ಸಂಘದ ಉಚಿತ ಕಣ್ಣಿನ ಶಿಬಿರ ಇಪ್ಪತ್ತನೇ ತಾರೀಖಿಗೆ. ಜಾಲತಾಣದಿಂದ ತೆಗೆದ ನೂಲುಗಾರರ ಪ್ರಮಾಣಪತ್ರ ಇಲ್ಲದಿದ್ದರೆ ಆಪರೇಷನ್ ಇಲ್ಲ. ಮೊಮ್ಮಗಳು ಆರತಿ ಫೋನಿನಲ್ಲಿ ಪಾಳಿ ಕೇಳಿದಳು. ಹೊಸ ಸರ್ವರ್ ಅರೆಕ್ಷಣದಲ್ಲಿ ಉತ್ತರ ಕೊಟ್ಟಿತು: ಇಪ್ಪತ್ತೇಳನೇ ತಾರೀಖು.

ಇಬ್ಬರೂ ಬಸ್ಸು ಹತ್ತಿ ಕಚೇರಿಗೆ ಬಂದರು. ಹಳೆಯ ಸರ್ವರ್ ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಪ್ರಮಾಣಪತ್ರ ತೆಗೆದುಕೊಡಲು ಎರಡು ನಿಮಿಷ ಸಾಕಿತ್ತು. ಕೊಟ್ಟರೆ, ಇಷ್ಟೇ ಕೆಲಸಕ್ಕೆ ಸಮಿತಿ ಯಾಕೆ ಎಂದು ಯಾರಾದರೂ ಕೇಳಿಯಾರು ಎಂದು ಹೆದರಿದೆ. ಆದ್ದರಿಂದ ನಿಯಮವನ್ನು ಎರಡು ಸಲ, ನಿಧಾನವಾಗಿ ಓದಿ ಹೇಳಿದೆ. ಆರತಿ ನನ್ನನ್ನೇ ನೋಡುತ್ತಿದ್ದಳು. ಸತ್ಯವ್ವ ನನ್ನ ದನಿ ಬಂದ ಕಡೆಗೆ ಕೈ ಮುಗಿದರು.

“ಮದ್ಲ ಇಲ್ಲೆ ಬಂದು ದಿನಗಟ್ಟಲೆ ಕುಂದರಬೇಕಿತ್ರಿ ಸಾಹೇಬ್ರ. ಈಗ ಆಗೂದಿಲ್ಲ ಅನ್ನೂದು ಮನ್ಯಾಗ ಕುಂತಲ್ಲೇ ಲಗೂನ ಗೊತ್ತಾಗತೈತಿ. ಛಲೋ ಮಾಡೀರಿ.”

ನನಗೆ ನಾಚಿಕೆಯಾಯಿತು. ನಡಾವಳಿ ಪುಸ್ತಕದಲ್ಲಿ ನಾಚಿಕೆ ಬರೆಯಲು ಜಾಗವಿಲ್ಲದ್ದರಿಂದ ‘ಫಲಾನುಭವಿಗಳಿಂದ ಮೆಚ್ಚುಗೆ’ ಎಂದು ದಾಖಲಿಸಿ, ಸಮಿತಿಗೆ ಇನ್ನೂ ಹದಿನೈದು ದಿನ ಕೊಡಬೇಕೆಂದು ಕೋರಿದೆ. ಕಚೇರಿಯಲ್ಲೇ ಇದ್ದ ಕುಬೇರಪ್ಪನವರು ಕೂಡಲೇ ಸಹಿ ಹಾಕಿದರು. ಅಷ್ಟರಲ್ಲಿ ಚಹಾ ಬಂತು. ಸತ್ಯವ್ವನಿಗೆ ಚಹಾದ ಕಪ್ಪು ಕಾಣುವುದಿಲ್ಲವೆಂದು ನಾನೇ ಅವರ ಕೈಗೆ ಹಿಡಿಸಿದೆ.