ಸಿಗರೇಟು ಮುಟ್ಟದ ಮನುಷ್ಯ

ನಮ್ಮ ಯಜಮಾನರು ಹೃದಯದ ಆಪರೇಷನ್ ಮುಗಿಸಿ, ಇವತ್ತು ತಮ್ಮ ಕಾಲ ಮೇಲೆಯೇ ನಡೆದು ಮನೆ ಹೊಕ್ಕರು! ಶಹಾಬಾದಿನ ನಮ್ಮ ಓಣಿಯಲ್ಲಿ ಎದುರು ಸಿಕ್ಕವರಿಗೆಲ್ಲ ಸಕ್ಕರೆ ಹಂಚಿದೆ; ಕೇಳದವರಿಗೂ ಸುದ್ದಿ ಹೇಳಿದೆ. ನನಗೆ ಓದು ಕಡಿಮೆ, ಬಾಯಿ ಜಾಸ್ತಿ.

ಆದರೆ ಒಂದು ಮಾತಿನಿಂದ ಅವರ ಜೀವವೇ ಹೋಗುವುದಿತ್ತು. ಆಪರೇಷನ್ನಿಗೆ ಮೊದಲು ಡಾಕ್ಟರು ಕೇಳಿದ್ದರು: "ಸಿಗರೇಟ್ ಸೇದ್ತೀರೇನ್ರಿ, ಮುತ್ಯಾ?"

"ಹುಟ್ಟಿದಾಗಿಂದ ಮುಟ್ಟಿಲ್ರಿ."

"ಬಿ.ಪಿ. ಗುಳಿಗಿ?"

"ತಲಿ ತಿರುಗಿದಾಗ ತಗೋತೀನ್ರಿ."

ಅಪ್ಪಟ ಸತ್ಯ. ಸಿಗರೇಟು ಸೇದುವವರು ಕಲ್ಲಿನ ಖಣಿಯ ಮಾಲೀಕರು. ಜೀವಮಾನವೆಲ್ಲ ಕಲ್ಲು ಕೊಯ್ದ ಇವರು ಸೇದುವುದು ಬೀಡಿ. ಗಂಟಲಿಗೆ ಕೂತ ಧೂಳು ಬೀಡಿಯ ಹೊಗೆಗೇ ಕರಗುತ್ತದೆಂದು ಅವರ ನಂಬಿಕೆ. ಇಂಥ ನಿರ್ವ್ಯಸನಿ ಗಂಡನ ಪಕ್ಕದಲ್ಲಿ ನಾನೂ ಹೆಮ್ಮೆಯಿಂದ ಸೆರಗು ಸರಿಪಡಿಸಿಕೊಂಡೆ.

ಆಸ್ಪತ್ರೆಯಲ್ಲಿ ನಮ್ಮ ಪಕ್ಕದ ಮಂಚದಲ್ಲಿ ಚಿಂಚೋಳಿ ಕಡೆಯವರೊಬ್ಬರಿದ್ದರು. ಅವರದು ತುರ್ತಿನ ಆಪರೇಷನ್. ಎದೆಯನ್ನೇನೋ ಹೊಲಿದರು, ಉಸಿರು ಮಾತ್ರ ಹತ್ತಲಿಲ್ಲ. ಮರುದಿನ ಅವರ ಹೆಂಡತಿ ಖಾಲಿ ಮಂಚದ ಮೇಲಿನ ಟವೆಲು ಮಡಚುತ್ತ, "ಬೀಡಿ ಸೇದಿ ಸೇದಿ ಎದಿ ಸುಟ್ಕೊಂಡಿದ್ರಂತ, ಯಕ್ಕಾ" ಎಂದಳು. ಅಳಲಿಲ್ಲ, ಇನ್ನೊಮ್ಮೆ ಬಿಚ್ಚಿ ಮಡಚಿದಳು.

ನಾನು ಅಲ್ಲಿಂದಲೇ ಡಾಕ್ಟರ ಬಳಿಗೆ ಓಡಿದೆ. "ಸಾಹೇಬ್ರ, ಬೀಡಿನೂ ಲೆಕ್ಕಕ್ಕ ಬರ್ತದೇನ್ರಿ?"

ಅವರು ಹಣೆ ಹಿಡಿದುಕೊಂಡು ಕುಳಿತರು. ಇವರ ಆಪರೇಷನ್ ಮುಂದಕ್ಕೆ ಹೋಯಿತು. ಬೀಡಿ ಬಿಟ್ಟು, ದಿನವೂ ಗುಳಿಗೆ ನುಂಗಿ, ಬಿ.ಪಿ. ಇಳಿದ ಮೇಲೆಯೇ ಚಾಕು ಎಂದರು. ಅಷ್ಟೂ ದಿನ ಯಜಮಾನರು ನನ್ನನ್ನು ಪೊಲೀಸರಿಗೆ ಹಿಡಿದುಕೊಟ್ಟವಳಂತೆ ನೋಡಿದರು.

ಇವತ್ತು ಸಂಜೆ ಮನೆಯಲ್ಲಿ ಎಲ್ಲರೂ ಸೇರಿ ಊಟಕ್ಕೆ ಕುಳಿತೆವು. ಜೋಳದ ರೊಟ್ಟಿ, ಉಪ್ಪಿಲ್ಲದ ತೊಗರಿಬೇಳೆ.

"ಉಪ್ಪಿಲ್ಲ, ಬೀಡಿ ಇಲ್ಲ. ಉಳಿಸಿ ಸಾಯಿಸ್ಲಿಕತ್ತೀಯಲ್ಲ!" ಎಂದರು ಯಜಮಾನರು. ಆ ಬೈಗುಳ ಕೇಳಿ ನನಗೆ ಕಣ್ಣು ತುಂಬಿತು.

ಮೊಮ್ಮಗಳು ಕೇಳಿದಳು: "ಆಯಿ, ನಿಂಗೂ ಬಿ.ಪಿ. ಅದಲ್ಲ. ನೀ ತಂಬಾಕ ಯಾವಾಗ ಬಿಡ್ತಿ?"

"ನಾ ಎಲ್ಲಿ ತಿಂತೀನವ್ವಾ? ಅದರ ಪುಡೀಲೆ ಹಲ್ಲು ತಿಕ್ಕತೀನಿ, ಅಷ್ಟ."

ಯಜಮಾನರು ಹೊಲಿಗೆ ನೋಯದಂತೆ ದಿಂಬನ್ನು ಎದೆಗೆ ಅವುಚಿಕೊಂಡು, ನನ್ನದೇ ದನಿ ತೆಗೆದರು: "ಸಾಹೇಬ್ರ, ತಿಕ್ಕೂದೂ ಲೆಕ್ಕಕ್ಕ ಬರ್ತದೇನ್ರಿ?"

ಮನೆಯೆಲ್ಲ ನಕ್ಕಿತು. ನಾನು ಸೊಂಟದಲ್ಲಿದ್ದ ಪುಡಿಯ ಡಬ್ಬಿಯನ್ನು ಇನ್ನಷ್ಟು ಒಳಗೆ ತುರುಕಿ, ಅವರ ತಾಟಿಗೆ ಮತ್ತೊಂದು ಸೌಟು ಸಪ್ಪೆ ಬೇಳೆ ಸುರಿದೆ.