ಪಂಚೇಂದ್ರಿಯಗಳ ಹಿಂದೆ ನಾಲ್ಕು ತಾಲ್ಲೂಕು

ಇದು ಹೋದ ವರ್ಷ ಬೇಸಿಗೆಯಲ್ಲಿ ನಡೆದದ್ದು. ಬಿ.ಎಸ್ಸಿ. ಮುಗಿಸಿ ಒಂದು ಸಂಶೋಧನೆಗೆ ಸಹಾಯಕನಾಗಿ ಸೇರಿದ್ದೆ. ಕಣ್ಣು, ಕಿವಿ, ನಾಲಿಗೆ, ಚರ್ಮ ಇವು ಒಂದರ ಕೆಲಸದಲ್ಲಿ ಇನ್ನೊಂದು ಹೇಗೆ ತಲೆ ಹಾಕುತ್ತವೆ ಎಂಬುದು ವಿಷಯ. "ತಿಂಗಳ ಕೊನೆಗೆ ಹನ್ನೆರಡು ಜನರ ಪರೀಕ್ಷೆ ಸರಿಯಾಗಿ ಮುಗೀಬೇಕು. ಇಲ್ಲದಿದ್ರೆ ನಿಮ್ಮ ಕೆಲಸ ಮುಗಿಯುತ್ತೆ" ಎಂದಿದ್ದರು ಪ್ರೊಫೆಸರ್ ಮೇಡಂ. ಪ್ರಯೋಗ ಮಾಡಲು ಹೋದವನ ಮೇಲೇ ಜನ ಪ್ರಯೋಗ ಮಾಡುವುದು ಈ ಕೆಲಸದಲ್ಲಿ ಮಾಮೂಲು.

ನಾಲಿಗೆ

ಮಧುಗಿರಿ ತಾಲ್ಲೂಕು, ಕೊಡಿಗೇನಹಳ್ಳಿ. ಒಂದೇ ನಿಂಬೆ ಪಾನಕ, ಎರಡು ಜಗ್ಗು. ಒಂದಕ್ಕೆ ಕೆಂಪು ಬಣ್ಣ ಬೆರೆಸಿದ್ದೆ. ಕೆಂಪು ಕಂಡರೆ ನಾಲಿಗೆಗೆ ಸಿಹಿ ಹೆಚ್ಚು ಅನ್ನಿಸುತ್ತದೆ ಎಂಬುದು ಊಹೆ. ಜಗಲಿಯಲ್ಲಿದ್ದ ಮೂವರೂ ಕೆಂಪುದೇ ಸಿಹಿ ಎಂದರು. ಹಿಗ್ಗಿದೆ. ಆಗ ಮನೆಯ ಅಜ್ಜಿ ಹೊರಗೆ ಬಂದರು.

"ಸರೋಯ್ತೇನಪ್ಪಾ? ನಿನ್ ಪಾನಕ ಸಪ್ಪೆ ಇತ್ತು. ನೀನು ಫೋನಲ್ಲಿದ್ದಾಗ ಬೆಲ್ಲ ಹಾಕ್ಬುಟ್ಟೆ."

"ಎರಡಕ್ಕೂನಾ ಅಜ್ಜಿ?"

"ಒಂದಕ್ಕೇ ಬೆಲ್ಲ ಆಗೋಯ್ತು. ಕೆಂಪುದು ಚೆಂದಾಗಿತ್ತು, ಅದಕ್ಕೇ ಹಾಕ್ದೆ."

ಮೂವರ ಉತ್ತರವನ್ನೂ ಹೊಡೆದುಹಾಕಿದೆ.

ಕಿವಿ

ಸಿರಾದ ಒಂದು ಬೇಕರಿ. ಹೆಡ್‌ಫೋನಿನಲ್ಲಿ ಕರುಂ ಕುರುಂ ಸದ್ದು ಜೋರಾಗಿ ಕೇಳಿಸಿದರೆ ಮೆತ್ತಗಾದ ನಿಪ್ಪಟ್ಟೂ ಗರಿಗರಿ ಅನ್ನಿಸುತ್ತದೆ. ಮಾಲೀಕರು ತಿಂದರು, ಬೆರಗಾದರು. ಗಾಜಿನ ಡಬ್ಬಿ ನೋಡಿದರು, ಹೆಡ್‌ಫೋನ್ ನೋಡಿದರು.

"ಡಬ್ಬಿ ಪೂರಾ ಹೋದ ವಾರದ್ದು ಸಾರ್. ಈ ಮೆಷಿನ್ ಸಂಜೆವರ್ಗೂ ಇಲ್ಲೇ ಬಿಟ್ಟು ಹೋಗಿ."

ಕೈ

ಕೊರಟಗೆರೆಯ ಆಟೋ ಡ್ರೈವರ್. ಕೈ ಆಡಿಸದಿದ್ದರೆ ಮಾತೂ ತಡವರಿಸುತ್ತದೆ ಎಂಬುದು ಊಹೆ. ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ಚನ್ನರಾಯನದುರ್ಗಕ್ಕೆ ದಾರಿ ಹೇಳಬೇಕು.

"ಇಂಗೋಗಿ..." ಎಂದು ನಿಂತರು. ಗಲ್ಲ ಎತ್ತಿ ತೋರಿಸಿದರು.

"ತಲೆನೂ ಆಡಿಸಬಾರದು."

ಅವರಿಗೆ ಬೆವರು ಬಂತು. "ಏ ಬುಡಿ ಸಾ, ಅತ್ತಿ!" ಆಟೋ ಹತ್ತಿದೆ. ದುರ್ಗದ ಕೋಟೆ ಬುಡದಲ್ಲಿ ಇಳಿಸಿ, "ಇಂಗೆ" ಎಂದರು.

ಚರ್ಮ

ತಿಂಗಳ ಕೊನೆಯ ದಿನ. ಹನ್ನೊಂದು ಜನ ಆಗಿದ್ದರು. ಮಾತಿನಲ್ಲಿ ತೆಲುಗೂ ಬೆರೆಯುವ ಪಾವಗಡದ ಕಡೆಯ ಕುರಿ ಸಂತೆಗೆ ಹೋದೆ. ಅಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಮಾತಾಡುತ್ತಾರೆ. ಕಣ್ಣು, ಕಿವಿಗೆ ಕೆಲಸವಿಲ್ಲ. ಇದಕ್ಕಿಂತ ಒಳ್ಳೆ ಪರೀಕ್ಷೆ ಸಿಗದು. "ಪ್ರಯೋಗಕ್ಕೆ ಮಾತ್ರ" ಎಂದು ಹೇಳಿಯೇ ಒಬ್ಬ ದಲ್ಲಾಳಿಗೆ ಕೈ ಕೊಟ್ಟೆ. ಅವರು ಒತ್ತಿದರು. ಸ್ಪರ್ಶ ಸರಿಯಾಗಿ ತಿಳಿಯಲೆಂದು ನಾನೂ ಹಾಗೇ ಒತ್ತಿದೆ. ಮತ್ತೆ ಒತ್ತಿದರು. ನಾನೂ ಒತ್ತಿದೆ. ಅವರು ಟವೆಲ್ ಕೊಡವಿ, ಕುರಿಯ ಹಗ್ಗ ನನ್ನ ಕೈಗಿಟ್ಟರು.

"ಪ್ರಯೋಗ ಅಂದೆನಲ್ಲ!"

"ಅಂದಿದ್ದು ಬಾಯಿ ಸಾರ್. ಕೈ ಒಪ್ಕೊಂತು ಗದಾ!"

ಸುತ್ತ ನಿಂತವರೆಲ್ಲ ಅವರ ಕಡೆಗೇ. ಟವೆಲ್ ಕೆಳಗೆ ಕುದುರಿದ ವ್ಯಾಪಾರ ಮುರಿಯುವುದು ಅಲ್ಲಿ ಪದ್ಧತಿಯಲ್ಲ. ದುಡ್ಡು ಕೊಟ್ಟು ಮೇಡಂಗೆ ಫೋನ್ ಮಾಡಿದೆ.

"ಮಾತಿಲ್ದೆ, ನೋಡ್ದೆ ನಿಮಗೆ ಕುರಿ ಮಾರಿದ್ರಾ? ಪರೀಕ್ಷೆ ಯಶಸ್ವಿ. ನಿಮ್ಮ ಕೆಲಸ ಉಳೀತು" ಎಂದರು. "ಆದ್ರೆ ಕುರಿ ಖರ್ಚಿಗೆ ನಮ್ಮಲ್ಲಿ ಅವಕಾಶ ಇಲ್ಲ."

ಸಂಜೆ ಬಸ್ ಹತ್ತಿದೆವು. ಕಂಡಕ್ಟರ್ ನನ್ನನ್ನೂ ಕುರಿಯನ್ನೂ ನೋಡಿ ಟಿಕೆಟ್ ಕೊಟ್ಟರು. ಎರಡು.