ಮಾವನ ಗುಣಗಾನದ ಬಲಗಡೆ

ಹೆಂಡತಿಯ ತವರಿನ ಬಗ್ಗೆ ಬರೆಯಲು ಕುಳಿತ ಗಂಡಸು ಕಂಪ್ಯೂಟರಿನ ಬಲಗಡೆಯನ್ನು ನಂಬಬಾರದು. ನಾನು ನಂಬಿದೆ.

ನನ್ನ ಮಾವ ನಾಗೇಶ ಕಾರವಾರದ ಬೈತಖೋಲದವರು. ಬೆಳೆದದ್ದು, ದುಡಿದದ್ದು, ಬೈಯಲು ಕಲಿತದ್ದು ಎಲ್ಲವೂ ದೋಣಿಯ ಮೇಲೆ. ನಾನೋ ಅಗಸೂರಿನ ಗದ್ದೆಮನೆಯವನು. ನೀರು ಇರುವುದೇ ಮೊಣಕಾಲಿನವರೆಗೆ ಎಂದು ತಿಳಿದವನು. ಮಾವನಿಗೆ ಎಪ್ಪತ್ತೈದು ತುಂಬಿದಾಗ ಅಭಿನಂದನಾ ಲೇಖನದ ಭಾರ ನನ್ನ ಹೆಗಲಿಗೇ ಬಿತ್ತು. ಅಂಕೋಲೆಯ ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ಸಭೆಯ ನಡಾವಳಿ ಬರೆಯುವವನಲ್ಲವೇ! (ಅದನ್ನು ಇವತ್ತಿನವರೆಗೆ ಯಾರೂ ಓದಿಲ್ಲ, ಅದು ಬೇರೆ ಮಾತು.)

“ಚಂದ ಮಾಡಿ ಹೊಗಳಿ ಬರೀರಿ” ಎಂದಳು ನನ್ನ ಹೆಂಡತಿ ವೈಜಯಂತಿ.

“ಹೊಗಳಿ ಬರೀಲೋ, ಇದ್ದದ್ದು ಬರೀಲೋ?”

“ಎರಡೂ ಒಂದೇ ಅಲ್ಲ?”

ಆ ದನಿ ಕೇಳಿದ ಮೇಲೆ ಎರಡೂ ಒಂದೇ ಎಂದು ನನಗೂ ಅನಿಸಿತು.

ಕಂಪ್ಯೂಟರಿನಲ್ಲಿ ಬರವಣಿಗೆಯ ಕಿಟಕಿ ತೆರೆದರೆ ನಡುವೆ ಬಿಳಿ ಹಾಳೆ, ಬಲಗಡೆ ಒಂದು ಉದ್ದನೆಯ ಪಟ್ಟಿ. ಹಾಳೆಯ ಯಾವ ಸಾಲಿಗೆ ಬೇಕಾದರೂ ಆ ಪಟ್ಟಿಯಲ್ಲಿ ಟಿಪ್ಪಣಿ ಬರೆದಿಡಬಹುದು. ಮೇಲಿನ ‘ವ್ಯೂ’ ಒತ್ತಿ ಅಲ್ಲಿರುವ ಸರಿ ಗುರುತು ತೆಗೆದರೆ ಪಟ್ಟಿ ಅಂತರ್ಧಾನ. ಮತ್ತೆ ಹಾಕಿದರೆ ಪ್ರತ್ಯಕ್ಷ. ಇಂಥ ಸೌಕರ್ಯ ದೇವರು ಸಂಸಾರಕ್ಕೇಕೆ ಕೊಡಲಿಲ್ಲವೋ!

ಹಾಳೆಯಲ್ಲಿ ಗುಣಗಾನ ಹರಿಯಿತು. ಆದರೆ ಹತ್ತು ಸಾಲು ಹೊಗಳುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿದಂತಾಯಿತು. ಒಂದು ಸಣ್ಣ ಟಿಪ್ಪಣಿಯನ್ನು ಬಲಗಡೆ ಹಾಕಿದೆ. ಎಷ್ಟು ಹಗುರಾಯಿತೆಂದರೆ, ಆಮೇಲೆ ಎಡಗಡೆ ಒಂದು ಹೊಗಳಿಕೆ, ಬಲಗಡೆ ಒಂದು ಸತ್ಯ ಎಂದು ಬರೆಯುತ್ತಲೇ ಹೋದೆ. ಅಡುಗೆಮನೆಯ ಕಡೆಯಿಂದ ಬಳೆಯ ಸದ್ದು ಕೇಳಿದ ಕೂಡಲೇ ಸರಿ ಗುರುತು ತೆಗೆದೆ. ಪಟ್ಟಿ ಹೋಯಿತು, ಪಟ್ಟಿಯ ಜೊತೆ ಪಾಪವೂ ಹೋಯಿತು ಎಂದುಕೊಂಡು ಸ್ನಾನಕ್ಕೆ ನಡೆದೆ.

ಬಂದು ನೋಡಿದರೆ ವೈಜಯಂತಿ ಕಂಪ್ಯೂಟರಿನ ಮುಂದಿನಿಂದ ಏಳುತ್ತಿದ್ದಳು. “ಕಾಗುಣಿತ ನೋಡಿ ತಮ್ಮ ರೋಷನನಿಗೆ ಕಳಿಸಿಬಿಟ್ಟೆ. ಚಲೋ ಬರ್ದೀರಿ.”

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನ ಬರವಣಿಗೆಯನ್ನು ಮೆಚ್ಚಿದ್ದು ಅದೇ ಮೊದಲು. ನಾನು ಅನುಮಾನಪಡಬೇಕಿತ್ತು, ಹಿಗ್ಗಿದೆ.

ಸಮಾರಂಭದ ದಿನ ಬೈತಖೋಲದ ಮನೆಯಲ್ಲಿ ಊಟ ಮುಗಿಸಿ ನೆಂಟರೆಲ್ಲ ಕುಳಿತಾಗ, ನನ್ನ ಹೆಂಡತಿಯ ತಮ್ಮ ರೋಷನ ತನ್ನ ಲ್ಯಾಪ್‌ಟಾಪನ್ನು ಗೋಡೆಯ ದೊಡ್ಡ ಟಿವಿಗೆ ಜೋಡಿಸಿದ. “ಭಾವ ಬರೆದದ್ದು ಎಲ್ಲರಿಗೂ ಕಾಣಬೇಕು” ಎಂದ. ಕಂಡಿತು. ನಡುವೆ ಹಾಳೆ. ಬಲಗಡೆ, ಅಂಗೈ ಅಗಲದ ಅಕ್ಷರಗಳಲ್ಲಿ, ಪಟ್ಟಿ.

“ರೋಷನಾ, ಆ ಬಲಗಡೆಯದನ್ನು ಮುಚ್ಚೋ!”

“ಎಂತಕ್ಕೆ ಭಾವಾ? ಅದ್ರಲ್ಲೂ ರೂಪೇಶ ಅಂತ ನಿಮ್ಮ ಹೆಸರೇ ಅದೆಯಲ್ಲ!”

ರೋಷನ ಒಳ್ಳೆಯ ಹುಡುಗ. ಕಣ್ಣಿಗೆ ಬಿದ್ದದ್ದನ್ನೆಲ್ಲ ಒಂದೇ ರಾಗದಲ್ಲಿ ಓದುತ್ತಾನೆ.

“ನಮ್ಮ ಮಾವ ಕಡಲಿಗಿಳಿದರೆ ತೆರೆಗಳೇ ದಾರಿ ಬಿಡುತ್ತಿದ್ದವು. ರೂಪೇಶನ ಟಿಪ್ಪಣಿ: ತೆರೆ ದಾರಿ ಬಿಟ್ಟಿದ್ದು ಇವರ ಬೈಗುಳ ತಾಳಲಾರದೆ.”

ಹೊರಗೆ ಬಲೆಯ ಮೇಲೆ ಕುಳಿತ ಕಾಗೆ ಕೂಡ ಬಾಯಿ ಮುಚ್ಚಿತು. ಮಾವ ಕಣ್ಣು ಕಿರಿದು ಮಾಡಿ ಟಿವಿಯನ್ನೇ ನೋಡುತ್ತಿದ್ದರು. ಇನ್ನು ಈ ಹೊಸ್ತಿಲು ತುಳಿಯುವುದು ನನ್ನ ಹಣೆಯಲ್ಲಿಲ್ಲ ಎಂದುಕೊಂಡು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೆನಪು ಮಾಡಿಕೊಳ್ಳತೊಡಗಿದೆ.

“ಅದರ ಕೆಳಗೆ ಅಕ್ಕಂದು ಉತ್ತರ ಅದೆ” ಎಂದ ರೋಷನ. “ವೈಜಯಂತಿ: ಆ ದೋಣಿಯಲ್ಲಿ ನೀವೂ ಇದ್ರಿ. ವಾಂತಿ ಮಾಡ್ತಾ ಇದ್ರಿ. ಅಪ್ಪ ಬೈದದ್ದು ತೆರೆಗಲ್ಲ, ದೋಣಿ ತಿರುಗಿಸು ಅಂತ ರೋಷನನಿಗೆ.”

ನಾನು ಹೆಂಡತಿಯತ್ತ ತಿರುಗಿದೆ. ಅವಳು ಸೀರೆಯ ಅಂಚು ನೋಡುತ್ತಿದ್ದಳು.

“ಮುಂದೆ ಓದು” ಎಂದರು ಮಾವ.

“ಅಳಿಯನಾದ ನನ್ನನ್ನು ಸ್ವಂತ ಮಗನಂತೆ ಕಂಡರು. ರೂಪೇಶನ ಟಿಪ್ಪಣಿ: ಮೀನಿನ ತಲೆ ಮಗನಿಗೆ, ಬಾಲ ನನಗೆ. ವೈಜಯಂತಿ: ಮೊದಲ ಹಬ್ಬಕ್ಕೆ ಬಂದಾಗ ಗಂಟಲಿಗೆ ಮುಳ್ಳು ಸಿಕ್ಕಿ ನೀವು ಕೂಗಿಕೊಂಡ್ರಿ. ಅಂದಿನಿಂದ ಮುಳ್ಳು ಕಡಿಮೆ ಇರೂ ತುಂಡು ನೋಡಿ ಅಪ್ಪನೇ ತೆಗೆದಿಡಸ್ತಾನೆ.”

ಇದು ನನಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಬಾಲ ತಿಂದು ಮನಸ್ಸಿನಲ್ಲೇ ಮುನಿಸಿಕೊಂಡಿದ್ದೆ. ಮಾವ ಮುಜುಗರದಿಂದ ಕೆಮ್ಮಿದರು. “ಅದನ್ನೆಲ್ಲ ಎಂತಕ್ಕೆ ಬರೀಬೇಕಾಗಿತ್ತೇ ಮಗಳೇ” ಎಂದು ಗೊಣಗಿದರು.

ಅತ್ತೆ ಗಂಗೂಬಾಯಿ ಮೊದಲು ನಕ್ಕರು. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಎಂದು ಹೇಳುವುದು ಕಷ್ಟ. ಮಾವ ತೊಡೆ ತಟ್ಟಿ ನಗುತ್ತಿದ್ದರು. ನನ್ನ ಘನವಾದ ಹಾಳೆಯನ್ನು ಯಾರೂ ಕೇಳಲಿಲ್ಲ. “ನಡೂದು ಬಿಡೋ, ಬಲಗಡೆಯದು ಓದು” ಎಂದು ಹಿಂದಿನಿಂದ ಯಾರೋ ಕೂಗಿದರು. ಅದು ಸಭೆಯ ಒಮ್ಮತದ ಠರಾವಾಯಿತು.

ನಾನು ಹೆಂಡತಿಯ ಪಕ್ಕಕ್ಕೆ ಸರಿದೆ. “ಅಲ್ಲಾ, ನಿನಗೆ ಆ ಪಟ್ಟಿ ಹೇಗೆ ಕಾಣಿಸಿತು? ನಾನು ಮುಚ್ಚಿದ್ದೆನಲ್ಲ?”

“ನಾನು ತೆರೆದೆ.”

“ಕಳಿಸುವ ಮೊದಲು ಅಳಿಸಬೇಕಿತ್ತಲ್ಲ?”

“ನಾನೂ ನಿಮ್ಮ ಹಾಗೆ ಮುಚ್ಚಿಯೇ ಕಳಿಸಿದೆ. ರೋಷನನ ಕಂಪ್ಯೂಟರಿನಲ್ಲಿ ತನ್ನಷ್ಟಕ್ಕೆ ತೆರೀತದೆ ಅಂತ ನಂಗೆಂತ ಗೊತ್ತು?” ಎಂದಳು, ಎಂಟನೆಯ ತರಗತಿಗೆ ಕಂಪ್ಯೂಟರ್ ಪಾಠ ಹೇಳುವ ನನ್ನ ಹೆಂಡತಿ.

ಅಷ್ಟರಲ್ಲಿ ರೋಷನ ಕೊನೆಯ ಸಾಲಿಗೆ ಬಂದಿದ್ದ.

“ಇಂಥ ಮಾವನನ್ನು ಪಡೆದ ನಾನೇ ಧನ್ಯ. ರೂಪೇಶನ ಟಿಪ್ಪಣಿ: ಇಲ್ಲಿ ಗಂಟಲು ಕಟ್ಟಿದಂತೆ ಮಾಡಿ ಕಣ್ಣು ಒರೆಸಿಕೊಳ್ಳುವುದು. ವೈಜಯಂತಿ: ಕರವಸ್ತ್ರ ಎಡಗಡೆಯ ಕಿಸೆಯಲ್ಲಿ ಇಟ್ಟಿರ್ತೇನೆ.”

ಮನೆ ತುಂಬಿದ ನೆಂಟರ ಕಣ್ಣುಗಳು ಟಿವಿಯನ್ನು ಬಿಟ್ಟು ನನ್ನ ಎಡಗಡೆಯ ಕಿಸೆಯ ಮೇಲೆ ನೆಟ್ಟವು. ಕೈ ಹಾಕಿದೆ. ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಹಾಕಿದ ಕರವಸ್ತ್ರ ಇತ್ತು. ಕಣ್ಣು ಒರೆಸಿಕೊಂಡೆ. ಒರೆಸುವಂಥದ್ದು ನಿಜವಾಗಿಯೂ ಇತ್ತು ಎಂದು ಹೇಳಿದರೆ ಆ ಮನೆಯಲ್ಲಿ ಈಗಲೂ ಯಾರೊಬ್ಬರೂ ನಂಬುವುದಿಲ್ಲ.